‘ಲುಕ್ ಫಾರ್ವರ್ಡ್ ಟು’: ಇಂಗ್ಲಿಷ್ ಪತ್ರದ ಕೊನೆಯ ಸಾಲನ್ನು ಸರಿಯಾಗಿ ಬರೆಯುವುದು ಹೇಗೆ

ಉದ್ಯೋಗದ ಅರ್ಜಿ, ಬ್ಯಾಂಕಿಗೆ ಬರೆದ ದೂರು, ಹೊರದೇಶದ ಪ್ರಾಧ್ಯಾಪಕರಿಗೆ ಕಳಿಸಿದ ಇಮೇಲ್, ಗಿರಾಕಿಗೆ ಕೊಟ್ಟ ಕೊಟೇಶನ್. ವಿಷಯ ಯಾವುದೇ ಇರಲಿ, ಇಂಗ್ಲಿಷಿನಲ್ಲಿ ಬರೆದ ಪತ್ರ ಹೆಚ್ಚಾಗಿ ಬಂದು ನಿಲ್ಲುವುದು ‘ಲುಕ್ ಫಾರ್ವರ್ಡ್ ಟು’ ಎಂಬ ನುಡಿಗಟ್ಟಿನ ಹತ್ತಿರ. ಮೇಲಿನ ಎರಡು ಪ್ಯಾರಾಗಳನ್ನು ಚೊಕ್ಕವಾಗಿ ಬರೆದವರೂ ಇಲ್ಲಿ ಎಡವುತ್ತಾರೆ. ಓದುವವರ ಕಣ್ಣಿಗೆ ಕೊನೆಯದಾಗಿ ಬೀಳುವ ಸಾಲೇ ಅದಾದ್ದರಿಂದ ತಪ್ಪು ಎದ್ದು ಕಾಣುತ್ತದೆ.

ಕನ್ನಡ ಮಾತಾಡುವವರ ಬರವಣಿಗೆಯಲ್ಲಿ ಇದು ಕೆಡುವುದು ಮುಖ್ಯವಾಗಿ ನಾಲ್ಕು ಬಗೆಯಲ್ಲಿ:

1. ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು.’
2. ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ.’
3. ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಯುವರ್ ರಿಪ್ಲೈ.’
4. ‘ಐ ಲುಕ್ ಫಾರ್ವರ್ಡ್ ದಟ್ ಯು ವಿಲ್ ಜಾಯಿನ್ ಅಸ್.’

ಸರಿಯಾದ ರೂಪಗಳು ಇವು: ಮೊದಲನೆಯದಕ್ಕೆ ‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’, ಎರಡು ಮತ್ತು ಮೂರನೆಯದಕ್ಕೆ ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’, ನಾಲ್ಕನೆಯದಕ್ಕೆ ‘ಐ ಲುಕ್ ಫಾರ್ವರ್ಡ್ ಟು ಯುವರ್ ಜಾಯಿನಿಂಗ್ ಅಸ್’. ಇಷ್ಟನ್ನು ಬಾಯಿಪಾಠ ಮಾಡಿದರೆ ಒಂದು ಪತ್ರ ಸರಿಹೋಗಬಹುದು. ವಾಕ್ಯ ಸ್ವಲ್ಪ ಬದಲಾದರೆ ಮತ್ತೆ ಅದೇ ಗೊಂದಲ. ಆದ್ದರಿಂದ ತಪ್ಪು ಹುಟ್ಟುವ ಜಾಗವನ್ನೇ ನೋಡೋಣ.

ತಪ್ಪು ಬರುವುದು ಎಲ್ಲಿಂದ

ಈ ನಾಲ್ಕರ ಹಿಂದೆಯೂ ನಾವು ದಿನವೂ ಆಡುವ ಕನ್ನಡದ ಒಂದೊಂದು ವಾಕ್ಯ ಕೂತಿದೆ. ‘ನಿಮ್ಮ ಉತ್ತರವನ್ನು ಎದುರು ನೋಡುತ್ತಿದ್ದೇನೆ’ ಎನ್ನುವಾಗ ನಾವು ಬಳಸುವುದು ದ್ವಿತೀಯಾ ವಿಭಕ್ತಿ, ‘ಅನ್ನು’. ಇಂಗ್ಲಿಷಿನಲ್ಲಿ ಕರ್ಮಪದಕ್ಕೆ ಪ್ರತ್ಯಯ ಬೇಕಿಲ್ಲ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಹಾಗಾಗಿ ‘ಟು’ ಬಿಟ್ಟುಹೋಗಿ ಮೂರನೆಯ ತಪ್ಪು ಆಗುತ್ತದೆ. ‘ನಿಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ’ ಎಂಬ ವಾಕ್ಯ ಮನಸ್ಸಿನಲ್ಲಿದ್ದರೆ ‘ಕ್ಕಾಗಿ’ ಎಂಬುದು ‘ಫಾರ್’ ಆಗಿ ಇಳಿಯುತ್ತದೆ. ‘ವೇಟ್ ಫಾರ್’ ಸರಿಯೇ ಇರುವುದರಿಂದ ‘ಲುಕಿಂಗ್ ಫಾರ್ವರ್ಡ್ ಫಾರ್’ ಕೂಡ ಕಿವಿಗೆ ಒರಟಾಗಿ ಕೇಳಿಸುವುದಿಲ್ಲ. ‘ನೀವು ನಮ್ಮ ಜೊತೆ ಸೇರುತ್ತೀರಿ ಎಂದು ಎದುರು ನೋಡುತ್ತೇನೆ’ ಎಂದು ಯೋಚಿಸಿದವರು ‘ಎಂದು’ ಎಂಬುದನ್ನು ‘ದಟ್’ ಮಾಡುತ್ತಾರೆ.

ಮೊದಲನೆಯ ತಪ್ಪು ಇವೆಲ್ಲಕ್ಕಿಂತ ಹಠಮಾರಿ. ಅದರ ಬೇರು ‘ಟು’ ಎಂಬ ಪದದಲ್ಲೇ ಇದೆ.

ಎರಡು ‘ಟು’ಗಳನ್ನು ಬೇರೆ ಮಾಡಿ

‘ಐ ವಾಂಟ್ ಟು ಗೋ’ ಎನ್ನುವಾಗಿನ ‘ಟು’ ಕನ್ನಡದ ‘ಹೋಗಲು’ ಎಂಬುದರ ‘ಅಲು’ ಇದ್ದ ಹಾಗೆ. ಅದರ ಮುಂದೆ ಕ್ರಿಯಾಪದದ ಮೂಲರೂಪ ಬರುತ್ತದೆ. ‘ಐ ವೆಂಟ್ ಟು ಮೈಸೂರು’ ಎನ್ನುವಾಗಿನ ‘ಟು’ ಚತುರ್ಥಿ ವಿಭಕ್ತಿಯ ‘ಗೆ’ ಇದ್ದ ಹಾಗೆ. ಅದರ ಮುಂದೆ ನಾಮಪದವೇ ಬರಬೇಕು. ನೋಡಲು ಎರಡೂ ಒಂದೇ ಪದ, ಕೆಲಸ ಮಾತ್ರ ಬೇರೆ. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿರುವುದು ಮೈಸೂರಿಗೆ ಹೋದ ‘ಟು’.

ಹಾಗಿದ್ದರೆ ಅದರ ಮುಂದೆ ಕ್ರಿಯೆಯನ್ನು ಹೇಳಬೇಕಾದಾಗ ಏನು ಮಾಡುವುದು? ಕ್ರಿಯಾಪದವನ್ನು ನಾಮಪದವಾಗಿ ಮಾಡಿಕೊಳ್ಳಬೇಕು. ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಕೃದಂತ ಭಾವನಾಮ ಎಂದು ಓದಿದ್ದು ನೆನಪಿರಬಹುದು: ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ, ಮಾಡು ಎಂಬುದರಿಂದ ಮಾಡುವಿಕೆ. ‘ಮಾಡುವುದು’ ಎಂಬ ರೂಪವೂ ಇದೇ ಕೆಲಸ ಮಾಡುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸಕ್ಕಿರುವುದು ಐಎನ್‌ಜಿ ರೂಪ. ‘ಹಿಯರ್’ ಕೇಳು, ‘ಹಿಯರಿಂಗ್’ ಕೇಳುವುದು. ‘ಮೀಟ್’ ಭೇಟಿಯಾಗು, ‘ಮೀಟಿಂಗ್’ ಭೇಟಿಯಾಗುವುದು. ‘ಕೇಳಲು’, ‘ಮಾಡಲು’ ಎಂಬುವನ್ನು ಅದೇ ಪಾಠದಲ್ಲಿ ಕೃದಂತಾವ್ಯಯ ಎಂದು ಬೇರೆಯಾಗಿ ಕಲಿಸಿರುತ್ತಾರೆ. ಅವ್ಯಯಕ್ಕೆ ವಿಭಕ್ತಿ ಹತ್ತುವುದಿಲ್ಲವಲ್ಲ, ಅದೇ ಕಾರಣಕ್ಕೆ ಈ ‘ಟು’ ಮುಂದೆ ಮೂಲರೂಪ ನಿಲ್ಲುವುದಿಲ್ಲ.

ನಮಗೆ ಇದು ಗೊಂದಲವಾಗುವುದಕ್ಕೆ ಆಡುಮಾತೂ ಒಂದು ಕಾರಣ. ಮೈಸೂರು ಕಡೆ ‘ನೋಡೋಕೆ ಬಂದೆ’, ಮಂಗಳೂರು ಕಡೆ ‘ನೋಡ್ಲಿಕ್ಕೆ ಬಂದೆ’, ಹುಬ್ಬಳ್ಳಿ ಕಡೆ ‘ನೋಡಾಕ ಬಂದೆ’ ಎನ್ನುತ್ತಾರೆ. ಎಲ್ಲದರ ಬಾಲದಲ್ಲೂ ಚತುರ್ಥಿಯ ‘ಕೆ’ ಅಡಗಿದೆ. ಹೀಗಾಗಿ ‘ಅಲು’ ಮತ್ತು ‘ಗೆ’ ನಮ್ಮ ಬಾಯಲ್ಲೇ ಬೆರೆತುಹೋಗಿವೆ. ಇಂಗ್ಲಿಷಿನ ಕಥೆಯೂ ಹೆಚ್ಚುಕಡಿಮೆ ಇದೇ: ಹಳೆಯ ಇಂಗ್ಲಿಷಿನಲ್ಲಿ ಮೂಲರೂಪದ ಮುಂದಿನ ‘ಟು’ ಕೂಡ ದಿಕ್ಕನ್ನು ತೋರಿಸುವ ‘ಟು’ವೇ ಆಗಿತ್ತು, ಅದರ ಜೊತೆ ಬರುವ ಕ್ರಿಯಾರೂಪಕ್ಕೆ ಚತುರ್ಥಿಯ ಪ್ರತ್ಯಯ ಇರುತ್ತಿತ್ತು. ಕಾಲ ಕಳೆದಂತೆ ಪ್ರತ್ಯಯ ಸವೆದುಹೋಯಿತು, ‘ಟು’ ಉಳಿಯಿತು.

ಯಾವ ‘ಟು’ ಎಂದು ತಿಳಿಯಲು ಸುಲಭದ ಪರೀಕ್ಷೆ ಒಂದಿದೆ. ‘ಟು’ ಮುಂದೆ ‘ಇಟ್’ ಇಟ್ಟು ಓದಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಎಂದರೆ ವಾಕ್ಯ ನಿಲ್ಲುತ್ತದೆ, ಹಾಗಾದರೆ ಮುಂದೆ ನಾಮಪದ ಅಥವಾ ಐಎನ್‌ಜಿ. ‘ಐ ವಾಂಟ್ ಟು ಇಟ್’ ಎಂದರೆ ಕುಸಿಯುತ್ತದೆ, ಹಾಗಾದರೆ ಮೂಲರೂಪ. ‘ಅಗ್ರೀ’, ‘ಕನ್ಸೆಂಟ್’ ಇಂಥ ಕೆಲವು ಪದಗಳು ಮಾತ್ರ ಈ ಪರೀಕ್ಷೆಯಲ್ಲಿ ಮೋಸ ಮಾಡುತ್ತವೆ. ‘ಅಗ್ರೀ ಟು ಇಟ್’ ಸರಿ, ಆದರೆ ‘ಅಗ್ರೀ ಟು ಪೇ’ ಎಂದು ಮೂಲರೂಪವನ್ನೂ ಬಳಸುತ್ತಾರೆ. ‘ಲುಕ್ ಫಾರ್ವರ್ಡ್’ ವಿಷಯದಲ್ಲಿ ಅಂಥ ಇಬ್ಬಂದಿ ಇಲ್ಲ.

ಹಂತ 1: ಈ ನುಡಿಗಟ್ಟು ಇಲ್ಲಿ ಬೇಕೇ ಎಂದು ನೋಡಿ

ವ್ಯಾಕರಣಕ್ಕಿಂತ ಮೊದಲು ಭಾವ. ಕನ್ನಡದ ‘ನಿರೀಕ್ಷೆ’ಗೆ ಸಂತೋಷ ಇರಲೇಬೇಕೆಂದಿಲ್ಲ. ‘ಭಾರಿ ಮಳೆ ನಿರೀಕ್ಷಿಸಲಾಗಿದೆ’ ಎಂದು ಪತ್ರಿಕೆಯವರು ಬರೆಯುತ್ತಾರೆ. ‘ಲುಕ್ ಫಾರ್ವರ್ಡ್ ಟು’ ಹಾಗಲ್ಲ. ಬರುವುದು ಬೇಗ ಬರಲಿ ಎಂದು ಹಿಗ್ಗಿನಿಂದ ಕಾಯುವಾಗ ಮಾತ್ರ ಅದು ಹೊಂದುತ್ತದೆ. ಮಳೆಗೆ, ಬೆಲೆ ಏರಿಕೆಗೆ, ಆಸ್ಪತ್ರೆಯ ರಿಪೋರ್ಟಿಗೆ ‘ಎಕ್ಸ್‌ಪೆಕ್ಟ್’ ಸಾಕು. ಯಾರಾದರೂ ತೀರಿಕೊಂಡಾಗ ಬರೆಯುವ ಸಾಂತ್ವನದ ಪತ್ರದ ಕೊನೆಗೆ ಅಭ್ಯಾಸಬಲದಿಂದ ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’ ಎಂದು ಹಾಕಿದರೆ ಓದುವವರಿಗೆ ಕಸಿವಿಸಿಯಾಗುತ್ತದೆ.

ನಿಷೇಧರೂಪದಲ್ಲಿ ಈ ವ್ಯತ್ಯಾಸ ಇನ್ನೂ ಹರಿತ. ‘ಐ ಆ್ಯಮ್ ನಾಟ್ ಲುಕಿಂಗ್ ಫಾರ್ವರ್ಡ್ ಟು ದ ಎಕ್ಸಾಮ್’ ಎಂದರೆ ಪರೀಕ್ಷೆ ಇದೆ ಎಂದು ನಿರೀಕ್ಷಿಸಿರಲಿಲ್ಲ ಎಂದಲ್ಲ. ಪರೀಕ್ಷೆ ಬರುವುದು ಗೊತ್ತಿದೆ, ನೆನೆದರೇ ಸಾಕಾಗುತ್ತದೆ ಎಂದು ಅರ್ಥ. ‘ನಿಮ್ಮಿಂದ ಇಷ್ಟು ಬೇಗ ಉತ್ತರ ನಿರೀಕ್ಷಿಸಿರಲಿಲ್ಲ’ ಎಂದು ಬರೆಯಬೇಕಾದ ಕಡೆ ‘ಐ ವಾಸ್ ನಾಟ್ ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಎಂದರೆ ನಿಮ್ಮ ಉತ್ತರ ನನಗೆ ಬೇಡವಾಗಿತ್ತು ಎಂದಾಗುತ್ತದೆ. ಅಲ್ಲಿ ಬೇಕಾದದ್ದು ‘ಐ ಡಿಡ್ ನಾಟ್ ಎಕ್ಸ್‌ಪೆಕ್ಟ್ ಎ ರಿಪ್ಲೈ ಸೋ ಸೂನ್’.

ದೂರಿನ ಪತ್ರದಲ್ಲಿ ಇದರ ಬಳಕೆ ತುಸು ಚಾಣಾಕ್ಷತನದ್ದು. ‘ಐ ಲುಕ್ ಫಾರ್ವರ್ಡ್ ಟು ರಿಸೀವಿಂಗ್ ದ ರೀಫಂಡ್ ಬೈ 15 ಮಾರ್ಚ್’ ಎಂದಾಗ ಮೇಲ್ನೋಟಕ್ಕೆ ವಿನಯ, ಒಳಗೆ ಒತ್ತಡ. ಮೊದಲ ದೂರಿಗೆ ಇದು ಚೆನ್ನ. ಅದೇ ವಿಷಯಕ್ಕೆ ಮೂರನೆಯ ಬಾರಿ ಬರೆಯುತ್ತಿದ್ದರೆ, ವಕೀಲರ ನೋಟಿಸಿನ ಹಂತಕ್ಕೆ ಬಂದಿದ್ದರೆ, ವಿನಯ ವ್ಯಂಗ್ಯದಂತೆ ಕೇಳಿಸುತ್ತದೆ. ಆಗ ‘ಐ ಎಕ್ಸ್‌ಪೆಕ್ಟ್ ಟು ರಿಸೀವ್’ ಎಂದು ನೇರವಾಗಿ ಬರೆಯಿರಿ.

ಹಂತ 2: ‘ಟು’ ಮುಂದೆ ಏನಿದೆ ಎಂದು ಪರೀಕ್ಷಿಸಿ

ನಾಮಪದ ಇದ್ದರೆ ಕೆಲಸ ಸುಲಭ: ‘ಟು ಯುವರ್ ರಿಪ್ಲೈ’, ‘ಟು ದ ವೀಕೆಂಡ್’, ‘ಟು ಅವರ್ ಮೀಟಿಂಗ್ ಆನ್ ಮಂಡೇ’. ‘ಮೀಟಿಂಗ್’ ಎಂಬುದು ಸಭೆ ಎಂಬ ನಾಮಪದವೂ ಹೌದು, ಭೇಟಿಯಾಗುವುದು ಎಂಬ ಕ್ರಿಯೆಯೂ ಹೌದು. ‘ಟು ದ ಮೀಟಿಂಗ್’ ಎಂದರೆ ಸಭೆಯನ್ನು, ‘ಟು ಮೀಟಿಂಗ್ ಯು’ ಎಂದರೆ ನಿಮ್ಮನ್ನು ಕಾಣುವುದನ್ನು. ಎರಡನ್ನೂ ಬೆರೆಸಿ ‘ಟು ದ ಮೀಟಿಂಗ್ ಯು’ ಎಂದು ಬರೆಯಬೇಡಿ.

ಕ್ರಿಯೆ ಇದ್ದರೆ ಐಎನ್‌ಜಿ ರೂಪ. ಇಷ್ಟು ಗೊತ್ತಿದ್ದವರೂ ತಪ್ಪುವ ಜಾಗ ಒಂದಿದೆ, ಅದು ‘ಆ್ಯಂಡ್’ ನಂತರದ ಎರಡನೆಯ ಕ್ರಿಯೆ. ‘ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು ಆ್ಯಂಡ್ ಡಿಸ್ಕಸ್ ದ ಪ್ರಪೋಸಲ್’ ಎಂಬ ವಾಕ್ಯ ಕಚೇರಿಗಳಲ್ಲಿ ಸಾಮಾನ್ಯ. ಮೊದಲ ಕ್ರಿಯೆಗೆ ಹಾಕಿದ ಐಎನ್‌ಜಿ ಎರಡನೆಯದಕ್ಕೂ ಬೇಕು: ‘ಮೀಟಿಂಗ್ ಯು ಆ್ಯಂಡ್ ಡಿಸ್ಕಸಿಂಗ್ ದ ಪ್ರಪೋಸಲ್’. ಕನ್ನಡದಲ್ಲಿ ನಾವು ‘ಭೇಟಿಯಾಗಿ ಚರ್ಚಿಸುವುದನ್ನು’ ಎಂದು ಕೊನೆಯ ಕ್ರಿಯೆಗೆ ಮಾತ್ರ ‘ಉವುದು’ ಹಚ್ಚುತ್ತೇವೆ, ಒಂದಕ್ಕೆ ಹಚ್ಚಿದರೆ ಸಾಕು ಎಂಬ ಅಭ್ಯಾಸ ಅಲ್ಲಿಂದ ಬಂದದ್ದು. ಕ್ರಿಯೆಗಳ ನಡುವೆ ಏಳೆಂಟು ಪದ ಬಂದುಬಿಟ್ಟರೆ ಕಣ್ಣು ತಪ್ಪುವುದು ಇನ್ನೂ ಸುಲಭ. ವಾಕ್ಯ ಉದ್ದವಾದಾಗ ‘ಆ್ಯಂಡ್’ ಮುಂದಿನ ಪದಕ್ಕೆ ಒಮ್ಮೆ ಬೆರಳಿಟ್ಟು ನೋಡಿ.

‘ಕೇಳು’ ಎಂಬ ಒಂದೇ ಧಾತು ಕನ್ನಡದಲ್ಲಿ ಮೂರು ಕೆಲಸ ಮಾಡುತ್ತದೆ: ಕಿವಿಗೆ ಬೀಳುವುದು, ಕಿವಿಗೊಟ್ಟು ಆಲಿಸುವುದು, ಪ್ರಶ್ನೆ ಹಾಕುವುದು. ಆದ್ದರಿಂದ ‘ಲಿಸನಿಂಗ್ ಫ್ರಮ್ ಯು’ ಎಂದೂ ಕೆಲವರು ಬರೆಯುತ್ತಾರೆ. ಉತ್ತರ ಬರಲಿ ಎಂಬ ಅರ್ಥಕ್ಕೆ ‘ಹಿಯರಿಂಗ್ ಫ್ರಮ್ ಯು’ ಒಂದೇ. ‘ಫ್ರಮ್’ ಬಿಟ್ಟು ‘ಹಿಯರಿಂಗ್ ಯು’ ಎಂದರೆ ನಿಮ್ಮ ದನಿಯನ್ನೋ ಹಾಡನ್ನೋ ಭಾಷಣವನ್ನೋ ಕೇಳುವುದು ಎಂದಾಗುತ್ತದೆ. ‘ಹಿಯರಿಂಗ್ ಅಬೌಟ್’ ಎಂದರೆ ಆ ವಿಷಯದ ಕುರಿತು ತಿಳಿಯುವುದು.

ನಿಷೇಧ ಬೇಕಾದಾಗ ‘ನಾಟ್’ ಎಂಬುದು ಐಎನ್‌ಜಿಯ ಮುಂಚೆ ಬರುತ್ತದೆ: ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ನಾಟ್ ಟ್ರಾವೆಲಿಂಗ್ ನೆಕ್ಸ್ಟ್ ವೀಕ್’, ಮುಂದಿನ ವಾರ ಓಡಾಟ ಇಲ್ಲವಲ್ಲ ಎಂದು ಖುಷಿ.

‘ತುಂಬಾ’ ಎಂಬುದನ್ನು ಸೇರಿಸಬೇಕಾದರೆ ‘ಐ ವೆರಿ ಮಚ್ ಲುಕ್ ಫಾರ್ವರ್ಡ್ ಟು’ ಅಥವಾ ‘ಐ ಆ್ಯಮ್ ರಿಯಲಿ ಲುಕಿಂಗ್ ಫಾರ್ವರ್ಡ್ ಟು’. ‘ಲುಕ್ ಫಾರ್ವರ್ಡ್ ಈಗರ್ಲಿ ಟು’ ಎಂದು ನಡುವೆ ಇಟ್ಟರೂ ನಡೆಯುತ್ತದೆ, ‘ಟು’ ಮಾತ್ರ ಬೀಳಬಾರದು. ಪ್ರಶ್ನೆಯಲ್ಲಿ, ವಿಶೇಷಣ ವಾಕ್ಯದಲ್ಲಿ ಅದು ಕೊನೆಗೆ ಹೋಗಿ ಕೂರುತ್ತದೆ: ‘ವಾಟ್ ಆರ್ ಯು ಲುಕಿಂಗ್ ಫಾರ್ವರ್ಡ್ ಟು?’, ‘ದ ಟ್ರಿಪ್ ವೀ ವರ್ ಲುಕಿಂಗ್ ಫಾರ್ವರ್ಡ್ ಟು ವಾಸ್ ಕ್ಯಾನ್ಸಲ್ಡ್’. ವಾಕ್ಯದ ಕೊನೆಗೆ ‘ಟು’ ಬರಬಾರದು ಎಂದು ಹಳೆಯ ಮೇಷ್ಟರು ಹೇಳಿದ್ದನ್ನು ನೆನೆದು ಅದನ್ನು ಕಿತ್ತುಹಾಕುವವರಿದ್ದಾರೆ. ಇಲ್ಲಿ ಕಿತ್ತರೆ ವಾಕ್ಯ ಕುಂಟುತ್ತದೆ.

ಒಂದು ಅಪವಾದವನ್ನೂ ಹೇಳಬೇಕು. ‘ಹೀ ಲುಕ್ಡ್ ಫಾರ್ವರ್ಡ್ ಟು ಸೀ ಹೂ ವಾಸ್ ಡ್ರೈವಿಂಗ್’ ಎಂಬ ವಾಕ್ಯ ತಪ್ಪಲ್ಲ. ಬಸ್ಸಿನ ಹಿಂದಿನ ಸೀಟಿನಲ್ಲಿದ್ದವನು ಯಾರು ಓಡಿಸುತ್ತಿದ್ದಾರೆಂದು ನೋಡಲು ನಿಜವಾಗಿಯೂ ಮುಂದಕ್ಕೆ ಕಣ್ಣು ಹಾಯಿಸಿದ, ಅಷ್ಟೆ. ಅಲ್ಲಿ ನುಡಿಗಟ್ಟು ಇಲ್ಲ, ಆ ‘ಟು’ ನಮ್ಮ ‘ಅಲು’. ಕಥೆ ಕಾದಂಬರಿಗಳಲ್ಲಿ ಇಂಥ ವಾಕ್ಯ ಕಂಡರೆ ನಿಯಮ ಮುರಿಯಿತೆಂದು ತಿಳಿಯಬೇಡಿ.

ಹಂತ 3: ಕ್ರಿಯೆ ಯಾರದು?

ನೀವೇ ಮಾಡುವ ಕೆಲಸವಾದರೆ ಏನೂ ಸೇರಿಸಬೇಕಿಲ್ಲ. ಬೇರೆಯವರು ಮಾಡುವ ಕೆಲಸವಾದರೆ ಅವರನ್ನು ಹೆಸರಿಸಬೇಕು. ‘ಐ ಲುಕ್ ಫಾರ್ವರ್ಡ್ ಟು ವಿಸಿಟಿಂಗ್ ಬೆಂಗಳೂರು’ ಎಂದರೆ ಬರುವವನು ನಾನು. ನೀವು ಬರಲಿ ಎಂದು ಹೇಳಬೇಕಾದರೆ ‘ಟು ಯುವರ್ ವಿಸಿಟಿಂಗ್ ಬೆಂಗಳೂರು’ ಅಥವಾ ‘ಟು ಯು ವಿಸಿಟಿಂಗ್ ಬೆಂಗಳೂರು’. ಮೊದಲನೆಯದು ಔಪಚಾರಿಕ, ಎರಡನೆಯದು ಮಾತಿಗೆ ಹತ್ತಿರ. ಕನ್ನಡದಲ್ಲೂ ಇದೇ ಜೋಡಿ ಇದೆ: ‘ನಿಮ್ಮ ಬರುವಿಕೆಯನ್ನು’ ಎಂದರೆ ಷಷ್ಠಿ, ‘ನೀವು ಬರುವುದನ್ನು’ ಎಂದರೆ ಪ್ರಥಮಾ. ಇದನ್ನು ನೆನಪಿಟ್ಟರೆ ಎರಡೂ ಏಕೆ ಸರಿ ಎಂಬುದಕ್ಕೆ ಬೇರೆ ವಿವರಣೆ ಬೇಡ.

ಕರ್ತೃ ಉದ್ದವಾಗಿದ್ದಾಗ ಷಷ್ಠಿಯ ಗೋಜಿಗೆ ಹೋಗಬೇಡಿ. ‘ಟು ದ ಮೆಂಬರ್ಸ್ ಆಫ್ ದ ಕಮಿಟಿ ವಿಸಿಟಿಂಗ್ ಅವರ್ ಕಾಲೇಜ್’ ಎಂದು ಸುಮ್ಮನೆ ಇಟ್ಟರೆ ಸಾಕು. ಅದಕ್ಕಿಂತ ನಾಮಪದ ಹುಡುಕಿಕೊಂಡು ‘ಟು ದ ಕಮಿಟೀಸ್ ವಿಸಿಟ್’ ಎಂದರೆ ಇನ್ನೂ ಹಗುರ. ನಾಲ್ಕನೆಯ ತಪ್ಪಿನ ‘ದಟ್’ ಇಲ್ಲೇ ಹುಟ್ಟುವುದರಿಂದ, ‘ದಟ್’ ಬಿಡಲಾಗದಿದ್ದರೆ ಕ್ರಿಯಾಪದವನ್ನೇ ಬದಲಿಸಿ: ‘ಐ ಹೋಪ್ ದಟ್ ಯು ವಿಲ್ ಜಾಯಿನ್ ಅಸ್’.

ಹಂತ 4: ಪತ್ರಕ್ಕೆ ತಕ್ಕ ಧಾಟಿ ಆರಿಸಿ

‘ಐ ಲುಕ್ ಫಾರ್ವರ್ಡ್ ಟು’ ಅಚ್ಚುಕಟ್ಟು, ಔಪಚಾರಿಕ. ಅರ್ಜಿ, ದೂರು, ಸರ್ಕಾರಿ ವ್ಯವಹಾರಕ್ಕೆ ಇದೇ. ‘ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು’ ಎಂಬುದರಲ್ಲಿ ಸ್ವಲ್ಪ ಆಪ್ತತೆ ಇದೆ. ಪರಿಚಯದ ಗಿರಾಕಿಗೆ, ಸಹೋದ್ಯೋಗಿಗೆ ಚೆನ್ನಾಗಿ ಒಪ್ಪುತ್ತದೆ. ‘ಲುಕಿಂಗ್ ಫಾರ್ವರ್ಡ್ ಟು’ ಎಂದು ಕರ್ತೃವಿಲ್ಲದೆ ಶುರುಮಾಡಿದರೆ ಸಲಿಗೆಯ ಧಾಟಿ. ವಾಟ್ಸ್ಆ್ಯಪ್‌ನಲ್ಲಿ, ದಿನನಿತ್ಯದ ಮೇಲ್‌ನಲ್ಲಿ ಯಾರೂ ಆಕ್ಷೇಪಿಸುವುದಿಲ್ಲ. ಉದ್ಯೋಗದ ಮೊದಲ ಅರ್ಜಿಯಲ್ಲಿ ಮಾತ್ರ ಬೇಡ. ಸಂಸ್ಥೆಯ ಪರವಾಗಿ ಬರೆಯುವಾಗ ‘ಐ’ ಬದಲು ‘ವೀ’. ಪತ್ರದ ಮೊದಲಿಂದ ‘ವೀ’ ಎಂದು ಬರೆದು ಕೊನೆಯ ಸಾಲಿನಲ್ಲಿ ‘ಐ’ಗೆ ಜಾರುವುದೂ ಆಗಾಗ ಕಾಣುವ ದೋಷ.

ಇಂಗ್ಲಿಷ್ ಬಲ್ಲಿರಾ ಎಂದು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ‘ಜನರಲ್ ಟ್ರೇನಿಂಗ್’ ವಿಭಾಗದ ಬರವಣಿಗೆಯ ಮೊದಲ ಭಾಗದಲ್ಲಿ ಕನಿಷ್ಠ 150 ಪದಗಳ ಪತ್ರ ಬರೆಯಬೇಕು. ಅದಕ್ಕೆ ಸುಮಾರು 20 ನಿಮಿಷ ತೆಗೆದುಕೊಳ್ಳಿ ಎಂಬ ಸೂಚನೆ ಇರುತ್ತದೆ. ಯಾರಿಗೆ ಬರೆಯುತ್ತಿದ್ದೀರಿ ಎಂಬುದಕ್ಕೆ ತಕ್ಕ ಧಾಟಿಯನ್ನೂ ಅಲ್ಲಿ ನೋಡುತ್ತಾರೆ. ಗೆಳೆಯನಿಗೆ ಬರೆದ ಪತ್ರವನ್ನು ‘ಐ ಲುಕ್ ಫಾರ್ವರ್ಡ್ ಟು ಯುವರ್ ಅರ್ಲಿಯೆಸ್ಟ್ ರೆಸ್ಪಾನ್ಸ್’ ಎಂದು ಮುಗಿಸಿದರೆ ವ್ಯಾಕರಣ ಸರಿಯಿದ್ದೂ ಧಾಟಿ ತಪ್ಪುತ್ತದೆ. ‘ಕಾಂಟ್ ವೇಟ್ ಟು ಸೀ ಯು’ ಎಂದರೆ ಗೆಳೆತನ. ಗಮನಿಸಿ, ಇಲ್ಲಿ ‘ವೇಟ್ ಟು’ ಮುಂದೆ ಮೂಲರೂಪ.

ಭೂತಕಾಲದ ರೂಪಗಳಲ್ಲಿ ಒಂದು ನವಿರು ಇದೆ. ‘ಐ ವಾಸ್ ಲುಕಿಂಗ್ ಫಾರ್ವರ್ಡ್ ಟು ಅಟೆಂಡಿಂಗ್ ದ ವೆಡಿಂಗ್’ ಎಂದು ಬರೆದರೆ, ಮುಂದೆ ‘ಆದರೆ’ ಬರುತ್ತದೆ ಎಂದು ಓದುವವರು ಊಹಿಸುತ್ತಾರೆ. ಮದುವೆಗೆ ಬರಲಾಗದು ಎಂದು ತಿಳಿಸುವ ಪತ್ರಕ್ಕೆ ಅದೇ ಸರಿಯಾದ ರೂಪ. ಬರುತ್ತೇನೆ ಎಂದು ತಿಳಿಸುವ ಪತ್ರದಲ್ಲಿ ಅದನ್ನು ಬಳಸಿದರೆ ಅಡುಗೆಯವರಿಗೆ ಒಂದು ಎಲೆ ಕಡಿಮೆ ಹೇಳಿರುತ್ತಾರೆ.

ಹಂತ 5: ಚಿಹ್ನೆ ಮತ್ತು ಕಾಗುಣಿತ

‘ಐ ಲುಕ್ ಫಾರ್ವರ್ಡ್ ಟು ಹಿಯರಿಂಗ್ ಫ್ರಮ್ ಯು’ ಪೂರ್ಣ ವಾಕ್ಯ, ಕೊನೆಗೆ ಪೂರ್ಣವಿರಾಮ. ‘ಯುವರ್ಸ್ ಸಿನ್ಸಿಯರ್ಲಿ’ ಅದರ ಕೆಳಗಿನ ಬೇರೆ ಸಾಲು. ಶಾಲೆಯಲ್ಲಿ ‘ಥ್ಯಾಂಕಿಂಗ್ ಯು’ ಬರೆದು ಅಲ್ಪವಿರಾಮ ಹಾಕಿ ಅಭ್ಯಾಸವಾದವರು ಇಲ್ಲೂ ಅಲ್ಪವಿರಾಮ ಹಾಕುತ್ತಾರೆ. ಕರ್ತೃ ಇಲ್ಲದ ‘ಲುಕಿಂಗ್ ಫಾರ್ವರ್ಡ್’ಗೆ ಆ ಹಳೆಯ ಪದ್ಧತಿ ಒಂದಿತ್ತು, ‘ಐ’ ಇರುವ ವಾಕ್ಯಕ್ಕೆ ಇಲ್ಲ.

ಕರ್ತೃವಿಲ್ಲದ ರೂಪಕ್ಕೆ ಬೇರೆ ವಾಕ್ಯವನ್ನು ಅಂಟಿಸುವುದು ದೊಡ್ಡ ದೋಷ. ‘ಲುಕಿಂಗ್ ಫಾರ್ವರ್ಡ್ ಟು ಯುವರ್ ರಿಪ್ಲೈ, ದ ಡಾಕ್ಯುಮೆಂಟ್ಸ್ ಆರ್ ಅಟ್ಯಾಚ್ಡ್’ ಎಂದರೆ ಉತ್ತರಕ್ಕೆ ಕಾಯುತ್ತಿರುವುದು ದಾಖಲೆಗಳು ಎಂದಾಗುತ್ತದೆ. ಎರಡು ವಾಕ್ಯ ಮಾಡಿ.

‘ಫಾರ್ವರ್ಡ್’ ಒಂದೇ ಪದ, ಕೊನೆಗೆ ‘ಎಸ್’ ಬೇಡ. ‘ಫೋರ್‌ವರ್ಡ್’ ಎಂದು ‘ಎಫ್, ಓ, ಆರ್, ಇ’ಯಿಂದ ಶುರುವಾಗಿ ‘ವರ್ಡ್’ ಎಂದು ಮುಗಿಯುವ ಪದ ಪುಸ್ತಕದ ಮುನ್ನುಡಿ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಇದನ್ನು ಹಿಡಿಯದಿರಬಹುದು, ಏಕೆಂದರೆ ಎರಡೂ ಇರುವ ಪದಗಳೇ. ‘ಹಿಯರ್’, ‘ಮೀಟ್’ ಎಂಬುವೂ ಹಾಗೆಯೇ, ಕಾಗುಣಿತದ ದೃಷ್ಟಿಯಲ್ಲಿ ಅವುಗಳಲ್ಲಿ ತಪ್ಪೇನಿಲ್ಲ.

ಅದಕ್ಕೇ ಕೈಯಾರೆ ಹುಡುಕುವುದು ಒಳ್ಳೆಯದು. ಬರೆದು ಮುಗಿಸಿದ ಮೇಲೆ ಕಂಟ್ರೋಲ್ ಮತ್ತು ಎಫ್ ಒತ್ತಿ ‘ಫಾರ್ವರ್ಡ್’ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಸಿಕ್ಕ ಪ್ರತಿ ಜಾಗದಲ್ಲೂ ಎರಡು ಪದ ಮುಂದಕ್ಕೆ ಓದಿ. ಮೊದಲನೆಯದು ‘ಟು’ ಆಗಿರಬೇಕು. ಎರಡನೆಯದು ಐಎನ್‌ಜಿಯಿಂದ ಮುಗಿಯಬೇಕು, ಇಲ್ಲವೇ ‘ದ’, ‘ಯುವರ್’, ‘ಇಟ್’ ಇಂಥ ನಾಮಪದದ ಬಳಗದ್ದಾಗಿರಬೇಕು. ಫೋನಿನ ಕೀಬೋರ್ಡನ್ನು ನಂಬಬೇಡಿ. ನೀವು ಹಿಂದೆ ಟೈಪ್ ಮಾಡಿದ್ದನ್ನೇ ಕಲಿತು ಅದು ಮುಂದಿನ ಪದ ಸೂಚಿಸುತ್ತದೆ, ಹಳೆಯ ತಪ್ಪನ್ನೇ ತಿರುಗಿಸಿ ಕೈಗೆ ಕೊಡುತ್ತದೆ.

ಪದ ಬದಲಿಸಿದರೆ ಬಾಲವೂ ಬದಲಾಗುತ್ತದೆ

ಒಂದೇ ಸಾಲು ಎಷ್ಟು ಸಲ ಬರೆಯುವುದು ಎಂದು ಬೇಸರವಾಗಿ ಬೇರೆ ಪದ ಹಾಕುವಾಗ ಎಚ್ಚರ ಬೇಕು. ‘ಹೋಪ್’ ಮತ್ತು ‘ಎಕ್ಸ್‌ಪೆಕ್ಟ್’ ಮುಂದೆ ಮೂಲರೂಪ: ‘ಐ ಹೋಪ್ ಟು ಹಿಯರ್ ಫ್ರಮ್ ಯು’. ‘ಅವೇಟ್’ ಮುಂದೆ ನೇರ ನಾಮಪದ, ‘ಫಾರ್’ ಬೇಡ: ‘ಐ ಅವೇಟ್ ಯುವರ್ ರಿಪ್ಲೈ’. ‘ವೇಟ್’ಗೆ ‘ಫಾರ್’ ಬೇಕು. ‘ಅಪ್ರಿಶಿಯೇಟ್’ ಮುಂದೆ ‘ಟು’ ಇಲ್ಲದೆ ಐಎನ್‌ಜಿ: ‘ಐ ವುಡ್ ಅಪ್ರಿಶಿಯೇಟ್ ಹಿಯರಿಂಗ್ ಫ್ರಮ್ ಯು’. ‘ಗ್ಲ್ಯಾಡ್’ ಇದ್ದರೆ ಮತ್ತೆ ಮೂಲರೂಪ: ‘ಐ ವುಡ್ ಬಿ ಗ್ಲ್ಯಾಡ್ ಟು ಹಿಯರ್ ಫ್ರಮ್ ಯು’. ‘ಲುಕ್ ಫಾರ್ವರ್ಡ್ ಟು ಹಿಯರ್’ ಎಂಬ ತಪ್ಪಿಗೆ ಈ ‘ಹೋಪ್’, ‘ಗ್ಲ್ಯಾಡ್’ಗಳ ಸಹವಾಸವೂ ಕಾರಣ.

ಚತುರ್ಥಿಯ ‘ಟು’ ಇರುವ ಬೇರೆ ನುಡಿಗಟ್ಟುಗಳಿಗೂ ಇದೇ ಕಾನೂನು. ‘ವೀ ಆರ್ ಕಮಿಟೆಡ್ ಟು ಪ್ರೊವೈಡ್ ಕ್ವಾಲಿಟಿ ಎಜುಕೇಶನ್’ ಎಂಬ ಸಾಲು ಶಾಲೆಗಳ ಬೋರ್ಡಿನಲ್ಲಿ, ಬ್ರೋಷರಿನಲ್ಲಿ ರಾರಾಜಿಸುತ್ತದೆ. ‘ಪ್ರೊವೈಡಿಂಗ್’ ಆಗಬೇಕು. ಶಿಕ್ಷಣದ ಗುಣಮಟ್ಟವನ್ನು ಸಾರುವ ಸಾಲಿನಲ್ಲೇ ಈ ತಪ್ಪು ಇರುವುದು ವಿಪರ್ಯಾಸ. ‘ಡೆಡಿಕೇಟೆಡ್ ಟು ಸರ್ವಿಂಗ್’, ‘ಆಬ್ಜೆಕ್ಟ್ ಟು ಪೇಯಿಂಗ್’, ‘ವಿತ್ ಎ ವ್ಯೂ ಟು ಇಂಪ್ರೂವಿಂಗ್’, ‘ಇನ್ ಅಡಿಶನ್ ಟು ಟೀಚಿಂಗ್’, ‘ಪ್ರಯರ್ ಟು ಜಾಯಿನಿಂಗ್’, ‘ವೆನ್ ಇಟ್ ಕಮ್ಸ್ ಟು ಕುಕಿಂಗ್’ ಎಲ್ಲವೂ ಈ ಸಾಲಿನವೇ. ‘ಇನ್ ಆರ್ಡರ್ ಟು’, ‘ಸೋ ಆ್ಯಸ್ ಟು’, ‘ಅಬೌಟ್ ಟು’, ‘ಏಬಲ್ ಟು’ ಎದುರು ಪಕ್ಷ, ಅಲ್ಲಿ ಮೂಲರೂಪ.

‘ಯೂಸ್ಡ್ ಟು’ ಎಂಬುದು ಎರಡೂ ಕಡೆ ಕಾಲಿಟ್ಟಿದೆ. ‘ಐ ಯೂಸ್ಡ್ ಟು ವರ್ಕ್ ನೈಟ್ ಶಿಫ್ಟ್ಸ್’ ಎಂದರೆ ಹಿಂದೆ ರಾತ್ರಿ ಪಾಳಿ ಮಾಡುತ್ತಿದ್ದೆ, ಈಗಿಲ್ಲ. ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ನೈಟ್ ಶಿಫ್ಟ್ಸ್’ ಎಂದರೆ ನನಗೆ ರಾತ್ರಿ ಪಾಳಿ ರೂಢಿಯಾಗಿದೆ. ನಡುವೆ ‘ಆ್ಯಮ್, ಈಸ್, ಆರ್, ವಾಸ್, ಗೆಟ್’ ಇವುಗಳಲ್ಲಿ ಯಾವುದಾದರೂ ಇದ್ದರೆ, ರೂಢಿಯಾಗುವ ಅರ್ಥಕ್ಕೆ ಐಎನ್‌ಜಿ. ಸಂದರ್ಶನಕ್ಕೆ ಕಳಿಸುವ ಪತ್ರದಲ್ಲಿ ಇದು ತಿರುಗುಮುರುಗಾದರೆ ಕೆಲಸಕ್ಕೇ ಕುತ್ತು.

ಒಂದು ಪತ್ರದ ರಿಪೇರಿ

ಕೆಳಗಿನ ಪುಟ್ಟ ಮೇಲ್ ನೋಡಿ:

‘ಥ್ಯಾಂಕ್ ಯು ಫಾರ್ ಯುವರ್ ಇಮೇಲ್. ಐ ಆ್ಯಮ್ ಲುಕಿಂಗ್ ಫಾರ್ವರ್ಡ್ ಟು ಅಟೆಂಡ್ ದ ಇಂಟರ್‌ವ್ಯೂ ಆನ್ 12 ಜೂನ್ ಆ್ಯಂಡ್ ಎಕ್ಸ್‌ಪ್ಲೇನ್ ಮೈ ಪ್ರಾಜೆಕ್ಟ್. ಐ ಆ್ಯಮ್ ಯೂಸ್ಡ್ ಟು ವರ್ಕ್ ಇನ್ ಶಿಫ್ಟ್ಸ್. ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ಕನ್‌ಫರ್ಮೇಶನ್, ದ ಸರ್ಟಿಫಿಕೇಟ್ಸ್ ಆರ್ ಅಟ್ಯಾಚ್ಡ್.’

‘ಅಟೆಂಡ್’ ಇರುವಲ್ಲಿ ‘ಅಟೆಂಡಿಂಗ್’, ಅದರ ಜೋಡಿಯಾದ ‘ಎಕ್ಸ್‌ಪ್ಲೇನ್’ ಇರುವಲ್ಲಿ ‘ಎಕ್ಸ್‌ಪ್ಲೇನಿಂಗ್’, ‘ವರ್ಕ್’ ಇರುವಲ್ಲಿ ‘ವರ್ಕಿಂಗ್’. ಕೊನೆಯ ವಾಕ್ಯದಲ್ಲಿ ‘ಫಾರ್’ ತೆಗೆದು ‘ಟು’ ಹಾಕಬೇಕು, ದಾಖಲೆಗಳ ಮಾತನ್ನು ಬೇರೆ ಮಾಡಬೇಕು. ಇನ್ನೂ ಒಂದು ಉಳಿದಿದೆ: ಐದಾರು ಸಾಲಿನ ಪತ್ರದಲ್ಲಿ ಈ ನುಡಿಗಟ್ಟು ಎರಡು ಸಲ ಬಂದರೆ ಅದರ ಕಳೆ ಹೋಗುತ್ತದೆ. ಮೊದಲನೆಯದನ್ನು ಬದಲಿಸೋಣ:

‘ಥ್ಯಾಂಕ್ ಯು ಫಾರ್ ಯುವರ್ ಇಮೇಲ್. ಐ ವಿಲ್ ಬಿ ಹ್ಯಾಪಿ ಟು ಅಟೆಂಡ್ ದ ಇಂಟರ್‌ವ್ಯೂ ಆನ್ 12 ಜೂನ್ ಆ್ಯಂಡ್ ಎಕ್ಸ್‌ಪ್ಲೇನ್ ಮೈ ಪ್ರಾಜೆಕ್ಟ್. ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಇನ್ ಶಿಫ್ಟ್ಸ್. ಮೈ ಸರ್ಟಿಫಿಕೇಟ್ಸ್ ಆರ್ ಅಟ್ಯಾಚ್ಡ್. ಐ ಲುಕ್ ಫಾರ್ವರ್ಡ್ ಟು ಯುವರ್ ಕನ್‌ಫರ್ಮೇಶನ್.’

‘ಹ್ಯಾಪಿ ಟು’ ಬಂದದ್ದರಿಂದ ‘ಅಟೆಂಡ್’, ‘ಎಕ್ಸ್‌ಪ್ಲೇನ್’ ಎರಡೂ ಮತ್ತೆ ಮೂಲರೂಪಕ್ಕೆ ಮರಳಿದ್ದನ್ನು ಗಮನಿಸಿ.

ಕನ್ನಡಕ್ಕೆ ತರುವಾಗ

ಈಚೆಗೆ ಆ್ಯಪ್‌ಗಳ ಸಂದೇಶಗಳಲ್ಲಿ, ಯಂತ್ರಾನುವಾದದಲ್ಲಿ ‘ನಿಮ್ಮಿಂದ ಕೇಳಲು ಎದುರು ನೋಡುತ್ತಿದ್ದೇವೆ’ ಎಂಬಂಥ ವಾಕ್ಯಗಳು ಕಾಣುತ್ತಿವೆ. ಇಂಗ್ಲಿಷಿನಲ್ಲಿ ಯಾವ ‘ಟು’ವನ್ನು ‘ಅಲು’ ಎಂದು ತಿಳಿಯಬಾರದೋ ಅದನ್ನೇ ‘ಅಲು’ ಮಾಡಿ ಕನ್ನಡವನ್ನೂ ಕೆಡಿಸಿದ ಹಾಗಾಯಿತು. ‘ನಿಮ್ಮಿಂದ ಕೇಳುವುದು’ ಎಂದರೆ ನಮ್ಮಲ್ಲಿ ನಿಮ್ಮ ಬಳಿ ಏನನ್ನೋ ಬೇಡುವುದು ಎಂಬ ಅರ್ಥವೂ ಹೊರಡುತ್ತದೆ. ‘ನಿಮ್ಮ ಉತ್ತರದ ನಿರೀಕ್ಷೆಯಲ್ಲಿ’ ಅಥವಾ ‘ನಿಮ್ಮ ಉತ್ತರವನ್ನು ಎದುರು ನೋಡುತ್ತೇವೆ’ ಸಾಕು. ವ್ಯವಹಾರದ ಪತ್ರವಾದರೆ ‘ಶೀಘ್ರ ಉತ್ತರ ಕೋರಿ’ ಎಂಬುದು ಇನ್ನೂ ಸಹಜ.

ಇಂಗ್ಲಿಷ್ ಆಮಂತ್ರಣದ ‘ವೀ ಲುಕ್ ಫಾರ್ವರ್ಡ್ ಟು ಯುವರ್ ಪ್ರೆಸೆನ್ಸ್’ ಎಂಬ ಸಾಲನ್ನು ಮದುವೆ ಪತ್ರಿಕೆಗೆ ಪದಕ್ಕೆ ಪದವಾಗಿ ಇಳಿಸಿ ‘ನಿಮ್ಮ ಉಪಸ್ಥಿತಿಗೆ ಮುಂದೆ ನೋಡುತ್ತೇವೆ’ ಎಂದು ಬರೆಸುವ ಅಗತ್ಯವೇ ಇಲ್ಲ. ಆ ಜಾಗಕ್ಕೆ ‘ತಮ್ಮ ಸುಖಾಗಮನ ಬಯಸುವ’ ಎಂಬುದು ಮೊದಲಿಂದಲೂ ಇದೆ, ಕೆಳಗೆ ಮನೆಯವರ ಹೆಸರು ಬರೆದರಾಯಿತು.